ಹೋದವರನ್ನು ಮರೆಯಲೇಬೇಕೆ?

ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರಿಗೆ ಏನು ಇಷ್ಟವಿತ್ತೋ ಅದೇ ಎಡೆಗೆ ಬರಬೇಕು: ಒಬ್ಬರಿಗೆ ಕಜ್ಜಾಯ, ಇನ್ನೊಬ್ಬರಿಗೆ ಬಾಡಿನ ಸಾರು, ಮತ್ತೊಬ್ಬರಿಗೆ ಬೀಡಿ. ಎಂದೋ ಹೋದ ಅಜ್ಜನ ನಾಲಗೆಯ ರುಚಿ ಇಂದಿನ ಅಡುಗೆಯನ್ನು ನಿರ್ಧರಿಸುತ್ತದೆ. ಇಂಥ ನಂಟು ಸಹಜವೆಂದು ಒಪ್ಪಲು ಮನಶ್ಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು.

ಸಿಗ್ಮಂಡ್ ಫ್ರಾಯ್ಡ್ 1917ರ ಪ್ರಬಂಧವೊಂದರಲ್ಲಿ ದುಃಖದ ಕೆಲಸವೇನೆಂದು ವಿವರಿಸಿದರು. ಸತ್ತವರ ಮೇಲಿನ ಮಮತೆಯನ್ನು ಮನಸ್ಸು ಎಳೆಎಳೆಯಾಗಿ ಬಿಡಿಸಿಕೊಳ್ಳಬೇಕು; ಆಗಲೇ ಅದು ಬೇರೊಬ್ಬರನ್ನು ಹಚ್ಚಿಕೊಳ್ಳಲು ಶಕ್ತವಾಗುತ್ತದೆ ಎಂಬುದು ಅವರ ವಾದ. 1920ರಲ್ಲಿ ಅವರ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. ಒಂಬತ್ತು ವರ್ಷಗಳ ಬಳಿಕ, ಮಗನನ್ನು ಕಳೆದುಕೊಂಡಿದ್ದ ಗೆಳೆಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ, ಹೋದವರ ಜಾಗವನ್ನು ಏನೇ ತುಂಬಿದರೂ ಅದು ಬೇರೆಯೇ ಆಗಿ ಉಳಿಯುತ್ತದೆ, ಹಾಗಿರುವುದೇ ಸರಿ ಎಂಬರ್ಥದ ಮಾತು ಬರೆದರು. ತಂದೆಗೆ ತಿಳಿದದ್ದು ಸಿದ್ಧಾಂತಕ್ಕೆ ತಿಳಿದಿರಲಿಲ್ಲ. ಆದರೂ ಲೋಕ ಹಿಡಿದುಕೊಂಡದ್ದು ಸಿದ್ಧಾಂತವನ್ನೇ. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್ ಮತ್ತು ನಿಕ್‌ಮನ್ ಸಂಪಾದಿಸಿದ ಗ್ರಂಥವೊಂದು ಅದನ್ನು ನೇರವಾಗಿ ಪ್ರಶ್ನಿಸಿತು. ಆರೋಗ್ಯವಂತರೂ ಸತ್ತವರೊಡನೆ ‘ಮುಂದುವರಿಯುವ ನಂಟು’ ಉಳಿಸಿಕೊಳ್ಳುತ್ತಾರೆ, ಅದು ರೋಗವಲ್ಲ ಎಂದಿತು.

ಈ ನಂಟು ಹೇಗೆ ಕೆಲಸ ಮಾಡುತ್ತದೆ? ಬಹುಕಾಲ ಜೊತೆಗಿದ್ದವರು ಬರೀ ನೆನಪಾಗಿ ಉಳಿಯುವುದಿಲ್ಲ, ನಮ್ಮ ರೂಢಿಯೊಳಗೇ ಸೇರಿಕೊಂಡಿರುತ್ತಾರೆ. ಸಂತೆಯಲ್ಲಿ ಸೊಪ್ಪು ಆರಿಸುವಾಗ ‘ಅಮ್ಮ ಇದನ್ನು ಒಪ್ಪುತ್ತಿರಲಿಲ್ಲ’ ಅನ್ನಿಸುತ್ತದೆ, ಕೈ ಬೇರೆ ಕಟ್ಟಿಗೆ ಹೋಗುತ್ತದೆ. ಅಷ್ಟೇ ಅಲ್ಲ, ಈ ಸಂಬಂಧ ಬೆಳೆಯುತ್ತದೆ ಕೂಡ. ಹತ್ತನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡವನಿಗೆ, ತಾನೇ ಅಪ್ಪನಾದ ಮೇಲೆ ಆತನ ಸಿಟ್ಟಿನ ಹಿಂದಿದ್ದ ಆತಂಕ ಅರ್ಥವಾಗಬಹುದು. ಸತ್ತವರು ಬದಲಾಗಿಲ್ಲ, ಅವರನ್ನು ನೋಡುವ ಕಣ್ಣು ಬದಲಾಗಿದೆ.

ಎಲ್ಲ ನಂಟೂ ಹಿತವಲ್ಲ, ನಿಜ. ತೀರಿಹೋದ ತಂದೆಯ ಹಟಕ್ಕಾಗಿ ಒಲ್ಲದ ಬದುಕನ್ನು ಎಳೆಯುವವರಿದ್ದಾರೆ. ವರ್ಷ ಕಳೆದರೂ ತೀವ್ರ ಹಂಬಲ ದಿನದಿನವೂ ಕಾಡಿ ಬದುಕನ್ನೇ ನಿಲ್ಲಿಸಿದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ‘ದೀರ್ಘಕಾಲದ ಶೋಕ’ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ಇದನ್ನು ಸೇರಿಸಿಕೊಂಡಿದೆ. ಆದರೆ ಹೆಚ್ಚಿನವರ ದುಃಖ ಅಂಥದ್ದಲ್ಲ.

ಹಾಗಿದ್ದೂ ಎಷ್ಟೋ ಮನೆಗಳಲ್ಲಿ ವೈಕುಂಠ ಸಮಾರಾಧನೆ ಮುಗಿದ ಮೇಲೆ ಹೋದವರ ಹೆಸರನ್ನೇ ಯಾರೂ ಎತ್ತುವುದಿಲ್ಲ. ಎತ್ತಿದರೆ ನೋವಾದೀತೆಂಬ ಅಂಜಿಕೆ. ಮುಂದಿನ ಸಲ ಅಂಥ ಮನೆಗೆ ಹೋದಾಗ ‘ಮರೆತುಬಿಡಿ’ ಅನ್ನಬೇಡಿ. ಹೋದವರ ಹೆಸರು ಹಿಡಿದೇ ಮಾತಾಡಿ, ನಿಮಗೆ ಗೊತ್ತಿರುವ ಒಂದು ಪ್ರಸಂಗ ಹೇಳಿ, ಮನೆಯವರು ಹೇಳುವುದನ್ನು ಕೇಳಿಸಿಕೊಳ್ಳಿ.