ಗೇರ್‌ಬಾಕ್ಸ್ ಬದಲಿಸುವವರು ಲಿವರಿನ ಲೆಕ್ಕವನ್ನೂ ನೋಡಲಿ

ಕಾಫಿ, ಅಡಿಕೆ, ಮೆಣಸುಗಳ ವ್ಯವಹಾರದಲ್ಲಿರುವ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಹಳೆಯ ಮಹೀಂದ್ರ ಜೀಪನ್ನು ಇಂದಿಗೂ ಕೈಬಿಟ್ಟಿಲ್ಲ. ತೋಟದ ಏರು ಹಾದಿಗೆ ಅದಕ್ಕೆ ಸಮನಾದ ವಾಹನ ಮತ್ತೊಂದಿಲ್ಲವೆಂಬುದು ಅವರ ವಾದ. ಇಂಥ ಜೀಪಿನ ಮೂರು ಗೇರಿನ ಪೆಟ್ಟಿಗೆ ಸವೆದಾಗ ಅದರ ಜಾಗದಲ್ಲಿ ನಾಲ್ಕು ಗೇರಿನದನ್ನು ಕೂರಿಸುವ ಪರಿಪಾಠ ಮಲೆನಾಡಿನ ಗ್ಯಾರೇಜುಗಳಲ್ಲಿ ಉಂಟು. ಪೆಟ್ಟಿಗೆಯ ಬೆಲೆಗಾಗಿ ವಾರಗಟ್ಟಲೆ ಚೌಕಾಸಿ ನಡೆಸುವ ಮಾಲೀಕರು, ಅದರ ಮೇಲೆ ಕೂರುವ ಗೇರ್ ಲಿವರಿನ ಆಯ್ಕೆಯನ್ನು ಮಾತ್ರ ಮೆಕ್ಯಾನಿಕನ ಮರ್ಜಿಗೆ ಬಿಡುತ್ತಾರೆ. ಲೆಕ್ಕಪರಿಶೋಧಕನಾದ ನನಗೆ ಇದರಲ್ಲಿ ತಲೆಹಾಕುವ ಪ್ರಸಂಗ ಬಂದದ್ದು ಒಂದು ಲೆಡ್ಜರಿನ ದೆಸೆಯಿಂದ.

ನನ್ನ ಕಕ್ಷಿದಾರರೊಬ್ಬರ ವಾಹನ ದುರಸ್ತಿ ಖಾತೆಯಲ್ಲಿ ಐದು ತಿಂಗಳೊಳಗೆ ಒಂದೇ ಜೀಪಿನ ಗೇರ್‌ಬಾಕ್ಸ್ ಮೂರು ಬಾರಿ ಬಿಚ್ಚಿದ ಖರ್ಚು ಕಂಡಿತು. ವಿಚಾರಿಸಿದಾಗ ತಿಳಿದದ್ದಿಷ್ಟು: ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಆದರೆ ಅಗ್ಗಕ್ಕೆ ತಂದ ಲಿವರಿನ ಕೆಳತುದಿ, ಒಳಗಿನ ಫೋರ್ಕಿನ ಗಾಡಿಗಿಂತ ತೆಳ್ಳಗಿತ್ತು. ಲಿವರನ್ನು ಕೊನೆಯವರೆಗೆ ದೂಡಿದರೂ ಗೇರು ಪೂರ್ತಿ ಕಚ್ಚುತ್ತಿರಲಿಲ್ಲ. ಅರೆಬರೆ ಕಚ್ಚಿದ ಹಲ್ಲುಗಳು ಸವೆದವು. ಎರಡನೆಯ ಗೇರು ಹಾರತೊಡಗಿತು. ಒಮ್ಮೆ ಮೂಟೆ ತುಂಬಿದ ಜೀಪು ಇಳಿಜಾರಿನಲ್ಲೇ ನ್ಯೂಟ್ರಲಿಗೆ ಜಾರಿದಾಗ ಚಾಲಕನ ಸಮಯಪ್ರಜ್ಞೆಯಿಂದ ಅನಾಹುತ ತಪ್ಪಿತು. ಮೂರೂ ಖರ್ಚುಗಳು ಬೇರೆಬೇರೆ ತಿಂಗಳಲ್ಲಿ ಹಂಚಿಹೋಗಿದ್ದರಿಂದ, ಮೂಲ ಕಾರಣ ಒಂದೇ ಎಂಬುದು ಮಾಲೀಕರಿಗೆ ಹೊಳೆದಿರಲೇ ಇಲ್ಲ.

ಹಾಗೆಂದು ವಾಹನ ಕಂಪೆನಿಯ ಡಬ್ಬಿಯಲ್ಲಿ ಬಂದದ್ದನ್ನೇ ಕೊಳ್ಳಬೇಕೆಂಬ ಪಕ್ಷ ನನ್ನದಲ್ಲ. ವಾಹನ ತಯಾರಕರಿಗೆ ಬಿಡಿಭಾಗ ಪೂರೈಸುವವರೇ ಅದನ್ನು ಸ್ವಂತ ಹೆಸರಿನಲ್ಲಿಯೂ ಮಾರುವುದುಂಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಮಾಲೂ ಸಿಗುತ್ತದೆ, ಕೆಟ್ಟದ್ದೂ ಸಿಗುತ್ತದೆ. ಆರಿಸುವವನಿಗೆ ಅಳತೆ ಗೊತ್ತಿರಬೇಕಷ್ಟೆ.

ಜೀಪಿನಲ್ಲಿ ಲಿವರು ನೇರವಾಗಿ ಪೆಟ್ಟಿಗೆಯ ಮೇಲ್ಮುಚ್ಚಳದಿಂದಲೇ ಏಳುತ್ತದೆ. ಪೆಟ್ಟಿಗೆ ಬದಲಾದರೆ ಅದು ಏಳುವ ಸ್ಥಳವೂ ಹಿಂದೆ ಮುಂದೆ ಆಗಬಹುದು. ಆದುದರಿಂದ ಇಂಜಿನ್ನಿನ ಹಿಂಬದಿಯಿಂದ ಲಿವರಿನ ನಡುವಿನವರೆಗಿನ ದೂರವನ್ನು ಅಳೆದ ಮೇಲೆಯೇ ಅಂಗಡಿಗೆ ಹೋಗಬೇಕು. ಪಕ್ಕದಲ್ಲಿ ಫೋರ್ ವೀಲ್ ಡ್ರೈವಿನ ಲಿವರುಗಳಿವೆ. ಹಿಂದಕ್ಕೆಳೆದಾಗ ಚಾಲಕನ ಮುಷ್ಟಿ ಅವುಗಳಿಗಾಗಲಿ ಸೀಟಿಗಾಗಲಿ ತಾಗಬಾರದು. ರಿವರ್ಸಿಗೆ ಅಕಸ್ಮಾತ್ತಾಗಿ ಬೀಳದಂತೆ ತಡೆ ಇದೆಯೇ ಎಂಬುದನ್ನು ಕೈಯಿಂದಲೇ ಪರೀಕ್ಷಿಸಬೇಕು.

ಈಗ ಗಿಡ್ಡ ಲಿವರುಗಳ ಮೋಹ ಬೇರೆ ಹಬ್ಬಿದೆ. ಕೈ ಕಡಿಮೆ ದೂರ ಚಲಿಸಿದರೆ ಸಾಕೆಂಬುದು ಅದರ ಆಕರ್ಷಣೆ. ಲೆಕ್ಕ ಹೀಗಿದೆ: ತಿರುಗುವ ಬಿಂದುವಿನ ಮೇಲೆ 30 ಸೆಂ.ಮೀ., ಕೆಳಗೆ 6 ಸೆಂ.ಮೀ. ಇರುವ ಲಿವರಿನ ಅನುಪಾತ 5ಕ್ಕೆ 1. ಮೇಲ್ಭಾಗವನ್ನು 24 ಸೆಂ.ಮೀ.ಗೆ ಇಳಿಸಿದರೆ ಅನುಪಾತ 4ಕ್ಕೆ 1 ಆಗುತ್ತದೆ. ಕೈಯ ಚಲನೆ ಶೇ. 20 ಕಡಿಮೆಯಾಗುತ್ತದೆ, ಹಾಕಬೇಕಾದ ಬಲ ಶೇ. 25 ಹೆಚ್ಚುತ್ತದೆ. ದಿನವಿಡೀ ಘಾಟಿಯಲ್ಲಿ ಗೇರು ಬದಲಿಸುವ ಚಾಲಕನ ತೋಳಿಗೆ ಇದು ಲಾಭವೋ ನಷ್ಟವೋ ಮಾಲೀಕರೇ ಹೇಳಲಿ. ಗುಬುಟಿನ ಕ್ರೋಮ್ ಹೊಳಪಿಗೆ ಹಣ ಕೊಡುವ ಬಗ್ಗೆ ನಾನು ಏನನ್ನೂ ಹೇಳಲಾರೆ. ನನ್ನ ಮಗನೂ ಆ ಗುಂಪಿಗೆ ಸೇರಿದವನು.

ಇನ್ನು ಬಿಲ್ಲಿನ ಮಾತು. ವಾಹನ ಬಿಡಿಭಾಗಗಳಲ್ಲಿ ಬಹುಪಾಲಿನ ಮೇಲೆ ಶೇ. 28ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. 4,000 ರೂ. ಬೆಲೆಯ ಲಿವರ್ ಜೋಡಣೆಗೆ ತೆರಿಗೆ 720 ರೂ. ಇದನ್ನು ಉಳಿಸಲು ಬಿಲ್ಲಿಲ್ಲದ ಮಾಲು ತಂದಿರೆಂದುಕೊಳ್ಳೋಣ. ಅದು ಹೊಂದದೆ ಪೆಟ್ಟಿಗೆ ಮತ್ತೆ ಇಳಿಸಲು ಕೂಲಿ 6,000 ರೂ., ಎರಡು ದಿನದ ಬಾಡಿಗೆ ವಾಹನಕ್ಕೆ 5,000 ರೂ. ಆದರೆ, ಮರಳಿಸಲು ಅಂಗಡಿಯೂ ಇಲ್ಲ, ಖರ್ಚಿಗೆ ದಾಖಲೆಯೂ ಇಲ್ಲ. ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚಿಗೆ ಮಾನ್ಯತೆ ದೊರೆಯದೆಂಬುದನ್ನೂ ನೆನಪಿಡಬೇಕು. ವಾಹನವು ಸರಕು ಸಾಗಣೆಯದಾಗಿದ್ದರೆ ದುರಸ್ತಿಯ ಮೇಲಿನ ತೆರಿಗೆ ಜಮೆ ಪಡೆಯಬಹುದು. ಹದಿಮೂರು ಅಥವಾ ಅದಕ್ಕಿಂತ ಕಡಿಮೆ ಜನರನ್ನು ಒಯ್ಯುವ ವಾಹನವೆಂದು ನೋಂದಣಿಯಾದ ಜೀಪಿನ ದುರಸ್ತಿ ಸೇವೆಗೆ ಸಾಮಾನ್ಯವಾಗಿ ಅದು ಸಿಗದು.

ಇದೆಲ್ಲಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಇವೆ. ಸವೆದ ಭಾಗಕ್ಕೆ ಅದೇ ಬಗೆಯ ಭಾಗ ಹಾಕುವುದು ಬೇರೆ. ಪೆಟ್ಟಿಗೆಯ ಜಾತಿಯನ್ನೇ ಬದಲಿಸುವುದು ಬೇರೆ. ಎರಡನೆಯದಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯನ್ನೂ ವಿಮಾ ಕಂಪೆನಿಯನ್ನೂ ಲಿಖಿತವಾಗಿ ಕೇಳಿ, ಉತ್ತರವನ್ನು ಕಡತದಲ್ಲಿಡುವುದು ಕ್ಷೇಮ. ಅಪಘಾತದ ನಂತರ ವಿಮಾ ಸರ್ವೇಯರು ಬಂದಾಗ ಮೆಕ್ಯಾನಿಕನ ಬಾಯಿಮಾತು ನಡೆಯುವುದಿಲ್ಲ.

ನನ್ನ ಕಕ್ಷಿದಾರರು ಈಗ ಪ್ರತಿ ವಾಹನಕ್ಕೂ ಲೆಡ್ಜರಿನಲ್ಲಿ ಪ್ರತ್ಯೇಕ ಪುಟ ತೆರೆದಿದ್ದಾರೆ. ಹಳೆಯ ಲಿವರನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ, ತುದಿಯ ದಪ್ಪವನ್ನು ವರ್ನಿಯರಿನಿಂದ ಅಳೆಯಿಸಿ, ಬಿಲ್ಲು ಪಡೆದು ಹೊಸದನ್ನು ತಂದರು. ಜೀಪಿನ ಪುಟದಲ್ಲಿ ಆ ಬಳಿಕ ಡೀಸೆಲು, ಟಯರುಗಳ ಹೊರತು ಬೇರೆ ನಮೂದು ಬಂದಿಲ್ಲ.