ಮಾಯಾ ಕನ್ನಡಕವೂ ಮಗುವಿನ ತೂಕವೂ

ತುರ್ತು ಚಿಕಿತ್ಸೆಗೆಂದು ತಂದ ಮಗುವಿನ ಸುತ್ತ ನಿಂತ ವೈದ್ಯರಿಗೆ, ಔಷಧದ ಪ್ರಮಾಣವನ್ನೂ ಕಳೆದ ನಿಮಿಷಗಳ ಲೆಕ್ಕವನ್ನೂ ಕಣ್ಣೆದುರಿಗೇ ಬರೆದಿಟ್ಟಂತೆ ತೋರಿಸುವ ಕನ್ನಡಕಗಳನ್ನು ವಿಜ್ಞಾನಿಗಳು ನಿರ್ಮಿಸಿ ಪರೀಕ್ಷಿಸುತ್ತಿದ್ದಾರೆ. 'ಆಗ್ಮೆಂಟೆಡ್ ರಿಯಾಲಿಟಿ' ಎಂಬುದು ಈ ವಿದ್ಯೆಯ ಹೆಸರು. ಇದು ಸಿರಿವಂತ ದೇಶಗಳ ಆಟಿಕೆಯೆಂದು ವಾಚಕರು ಪುಟ ಮಗುಚಬಾರದೆಂದು ನಮ್ಮ ವಿನಂತಿ.

ಕಾರಣವಿಷ್ಟೆ. ವಯಸ್ಕರಿಗೆ ತುರ್ತು ಔಷಧದ ಪ್ರಮಾಣ ಬಹುಮಟ್ಟಿಗೆ ನಿಶ್ಚಿತ. ಮಕ್ಕಳಿಗಾದರೋ ತೂಕಕ್ಕನುಸಾರವಾಗಿ ಗುಣಿಸಬೇಕು. ಹೃದಯ ನಿಂತ ಮಗುವಿಗೆ ರಕ್ತನಾಳದ ಮೂಲಕ ಕೊಡುವ ಅಡ್ರಿನಲಿನ್ ಕಿಲೋವೊಂದಕ್ಕೆ 0.01 ಮಿಲಿಗ್ರಾಂ, ಎಂದರೆ 10 ಕಿಲೋ ತೂಗುವ ಕೂಸಿಗೆ 0.1 ಮಿಲಿಗ್ರಾಂ. ನಮ್ಮಲ್ಲಿ ದೊರೆಯುವ ಸಾಮಾನ್ಯ ಆಂಪೂಲಿನಲ್ಲಿರುವುದು 1 ಮಿಲಿಗ್ರಾಂ. ದಶಾಂಶ ಬಿಂದುವೊಂದು ಜರುಗಿದರೆ ಹತ್ತು ಪಟ್ಟು! ಹತ್ತು ಮಂದಿಯ ಸಾರಿಗೆ ನೂರು ಮಂದಿಯ ಉಪ್ಪು ಬಿದ್ದರೆ ಸಾರನ್ನು ಚೆಲ್ಲಬಹುದು. ಇಲ್ಲಿ ಚೆಲ್ಲಿಹೋಗುವುದು ಜೀವ.

ಈ ಭಾರವನ್ನು ಇಳಿಸಲೆಂದು ಅಮೆರಿಕದ ವೈದ್ಯರಾದ ಬ್ರೋಸ್ಲೋ ಮತ್ತು ಲೂಟನ್ 1980ರ ದಶಕದಲ್ಲಿಯೇ ಬಣ್ಣದ ಅಳತೆಪಟ್ಟಿಯೊಂದನ್ನು ರೂಪಿಸಿದರು. ಮಗುವಿನ ಉದ್ದವನ್ನಳೆದರೆ ತೂಕದ ಅಂದಾಜೂ ಔಷಧದ ಪ್ರಮಾಣವೂ ಅದರಲ್ಲಿ ದೊರೆಯುತ್ತವೆ. ಆದರೆ ಅಲ್ಲಿಯ ಮಕ್ಕಳ ಮೈಕಟ್ಟಿಗೆ ಹೊಂದಿಸಿದ ಆ ಪಟ್ಟಿ, ಭಾರತದ ಮಕ್ಕಳ ತೂಕವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುವುದುಂಟು. ಅದೇ ಅಂದಾಜು ಕನ್ನಡಕದೊಳಗೆ ಕುಳಿತ ಮಾತ್ರಕ್ಕೆ ತಪ್ಪು ಸರಿಹೋಗದು. ಮೇಲಾಗಿ, 2016ರಲ್ಲಿ ಹೊರಬಂದು ವೈದ್ಯರಲ್ಲಿಯೂ ಕುತೂಹಲ ಹುಟ್ಟಿಸಿದ ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಕನ್ನಡಕದ ತಯಾರಿಕೆ 2024ರಲ್ಲಿ ನಿಂತಿತು. ತಯಾರಕರ ಮರ್ಜಿಯೊಂದನ್ನೇ ನಂಬಿ ಆಸ್ಪತ್ರೆ ನಡೆಯಲಾಗದು.

ನೂತನ ಉಪಕರಣಕ್ಕೆ ನಾವು ವಿರೋಧಿಗಳಲ್ಲ. ಬಳಲಿದ ವೈದ್ಯನ ನೆನಪಿಗೆ ಊರುಗೋಲಾಗುವುದಾದರೆ ಅದು ಅವಶ್ಯ ಬರಲಿ. ಆದರೆ ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ, ಹೋಟೆಲ್ ಕಾರ್ಮಿಕನೂ ಗುಮಾಸ್ತನೂ ನಡುರಾತ್ರಿಯಲ್ಲಿ ಮಗುವನ್ನೆತ್ತಿಕೊಂಡು ಓಡುವುದು ಬಹುಶಃ ಸಾರ್ವಜನಿಕ ಆಸ್ಪತ್ರೆಗೆ. ಅಲ್ಲಿ ಮೊದಲು ಸರಿಯಾದ ತಕ್ಕಡಿ, ನಮ್ಮ ಮಕ್ಕಳಿಗೊಪ್ಪುವ ಪ್ರಮಾಣಪಟ್ಟಿ, ವೈದ್ಯರಿಗೂ ದಾದಿಯರಿಗೂ ಮತ್ತೆ ಮತ್ತೆ ತರಬೇತಿ ಇರಬೇಕು. ಕನ್ನಡಕವು ಅನಂತರದ ಮಾತು. ಸರಕಾರವೂ ನಗರಸಭೆಗಳೂ ಈ ಅನುಕ್ರಮವನ್ನು ತಪ್ಪಿಸಲಾಗದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ವಾಚಕರಿಂದ ಆಗತಕ್ಕ ಕಾರ್ಯವೂ ಒಂದಿದೆ. ಸಂಬಳದ ತಾರೀಖನ್ನು ಮರೆಯದ ನಮ್ಮಲ್ಲಿ ಎಷ್ಟು ಮಂದಿಗೆ ಮಗುವಿನ ತೂಕ ಗೊತ್ತು? ಲಸಿಕೆಯ ಕಾರ್ಡಿನಲ್ಲಿ ಅದನ್ನು ಆಗಾಗ್ಗೆ ಬರೆಯಿಸಿರಿ, ಬಾಯಿಪಾಠ ಮಾಡಿಕೊಳ್ಳಿರಿ. ತುರ್ತು ವೇಳೆಯಲ್ಲಿ ಮಗುವನ್ನು ತೂಗಲು ಆಸ್ಪದವಿಲ್ಲದಾಗ, ತಂದೆತಾಯಿಗಳು ಥಟ್ಟನೆ ಹೇಳುವ ಆ ಒಂದು ಅಂಕಿಯೇ ವೈದ್ಯರ ಕೈಗೆ ಆಧಾರವಾದೀತು.