ದರದ ಜೊತೆ ಪೆಟ್ರೋಲೂ ನೋಡಬೇಕು
ಅಕ್ಕಲಕೋಟ: ಗಡಿ ಭಾಗದ ಕಾರಿನವರು ದರ ನೋಡಿ ಪಂಪ್ ಆರಿಸುವುದು ರೂಢಿ. ಎರಡೂ ರಾಜ್ಯಗಳ ತೆರಿಗೆ ಬೇರೆ, ದರವೂ ಬೇರೆ. ಗುಣಮಟ್ಟದ ನಿಯಮ ಮಾತ್ರ ಒಂದೇ: 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಬಿಎಸ್-6 ಪೆಟ್ರೋಲ್.

ಮಾಲು ಕೆಡುವುದು ದಾರಿಯಲ್ಲಿ, ಇಲ್ಲವೇ ಪಂಪಿನ ಟ್ಯಾಂಕಿನಲ್ಲಿ. ಸೀಮೆಎಣ್ಣೆ ಬೆರೆತರೆ ಪೂರ್ತಿ ಉರಿಯದೆ ಪ್ಲಗ್, ವಾಲ್ವ್ ಮೇಲೆ ಮಸಿ ಕೂಡುತ್ತದೆ. ಲೀಟರಿಗೆ ಉಳಿಸಿದ ರೂಪಾಯಿ ಮೆಕ್ಯಾನಿಕ್ ಕೈಗೆ! ಈಗಿನ ಶೇ. 20 ಎಥೆನಾಲ್ ಪೆಟ್ರೋಲಿಗೆ ಮಳೆನೀರು ಸೇರಿದರೆ ಎಥೆನಾಲ್ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಗಾಡಿ ದಾರ್ಯಾಗ ನಿಂತಂಗೇ.

ಪ್ರೀಮಿಯಂ ಪೆಟ್ರೋಲಿನಲ್ಲಿ ಮಸಿ ತೊಳೆಯುವ ರಾಸಾಯನಿಕ ಇರುವುದು ಖರೆ, ಕಲಬೆರಕೆಗೆ ಅದು ಮದ್ದಲ್ಲ. ಪಂಪಿನಲ್ಲಿ ಫಿಲ್ಟರ್ ಪೇಪರ್ ಕೇಳುವುದು ಗ್ರಾಹಕರ ಹಕ್ಕು. ನಾಝಲ್ ತುದಿ ಒರೆಸಿ ಒಂದು ಹನಿ ಬಿಡಬೇಕು. ಎರಡು ನಿಮಿಷದಲ್ಲಿ ಆರಿ, ಕಪ್ಪು ಕಲೆ ಉಳಿದರೆ ಅನುಮಾನ. ‘ಪೇಪರ್ ಇಲ್ಲರಿ’ ಎಂದರೆ ಅಲ್ಲಿನ ದೂರು ಪುಸ್ತಕದಲ್ಲಿ ಬರೆಯಬಹುದು.